ಸಮುದ್ರದ ತಳದ ಬೆಂಕಿ, ಹಟ್ಟಿಯ ಕರಿಕಲ್ಲು

ಶೇಂಗಾ ಉಂಡೆ ಮಾಡುವಾಗ ನಮ್ಮವ್ವ ಒಲೆಯ ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇಟ್ಟುಕೊಳ್ಳುತ್ತಾಳೆ. ಬೆಲ್ಲದ ಪಾಕ ಕುದಿದು ನೊರೆ ಬಂದಾಗ ಚಮಚದ ತುದಿಯಿಂದ ಒಂದು ಹನಿ ಆ ನೀರಿಗೆ ಬಿಡುತ್ತಾಳೆ. ಪಾಕ ಇನ್ನೂ ಎಳೆಯದಾಗಿದ್ದರೆ ಹನಿ ಕರಗಿ ಹರಡಿಬಿಡುತ್ತದೆ. ಹದ ಬಂದಿದ್ದರೆ ಹರಡುವುದಿಲ್ಲ, ತಳಕ್ಕೆ ಹೋಗಿ ಗುಂಡಗೆ ಕೂರುತ್ತದೆ. ಬೆರಳಿನಿಂದ ಒತ್ತಿದರೆ ಹೊರಗೆ ಗಟ್ಟಿ, ಒಳಗೆ ಇನ್ನೂ ಮೆತ್ತಗೆ. ಅದರ ಮೇಲೆ ಇನ್ನೊಂದು ಹನಿ ಬಿಟ್ಟರೆ ಮೊದಲಿನದರ ಜೊತೆ ಬೆರೆಯುವುದಿಲ್ಲ, ಅದರ ಮೈಮೇಲೆ ಒರಗಿ ಕೂರುತ್ತದೆ.

ರಾಯಚೂರು ಜಿಲ್ಲೆಯ ಹಟ್ಟಿಯ ಕರಿಕಲ್ಲು ಹುಟ್ಟಿದ್ದು ಹೆಚ್ಚುಕಡಿಮೆ ಹೀಗೇ. ಪಾಕದ ಬದಲು ಕರಗಿದ ಕಲ್ಲು, ಬಟ್ಟಲಿನ ಬದಲು ಸಮುದ್ರ. ಸುಮಾರು 270 ಕೋಟಿ ವರ್ಷದ ಹಿಂದೆ.

ನಮ್ಮ ಕಡೆ ಜ್ವಾಲಾಮುಖಿ ಇತ್ತು ಅಂದರೆ ಜನ ಮೊದಲು ಕೈ ತೋರಿಸುವುದು ಆನೆಗೊಂದಿ, ಹಂಪಿಯ ಗುಂಡುಕಲ್ಲಿನ ಗುಡ್ಡಗಳ ಕಡೆಗೆ. ಅದು ಸಹಜವೇ. ಆ ಗುಡ್ಡಗಳನ್ನು ನೋಡಿದರೆ ಯಾರೋ ಸಿಟ್ಟಿನಿಂದ ಕಲ್ಲು ಎಸೆದ ಹಾಗೆ ಕಾಣುತ್ತದೆ. ಅಜ್ಜ ಅಜ್ಜಿಯರು ವಾಲಿ ಸುಗ್ರೀವರ ಜಗಳದ ಕಥೆ ಹೇಳುತ್ತಿದ್ದರು, ಈಗಿನ ಹುಡುಗರು ಜ್ವಾಲಾಮುಖಿ ಸಿಡಿದು ಬಿದ್ದ ಕಲ್ಲು ಅನ್ನುತ್ತಾರೆ. ಎರಡರಲ್ಲೂ ಕಲ್ಲು ಎಲ್ಲಿಂದಲೋ ಹಾರಿ ಬಂದಿದೆ. ನಿಜ ಏನೆಂದರೆ ಆ ಗುಂಡುಗಳಲ್ಲಿ ಬಹುಪಾಲು ಹಾರಿಯೂ ಬಂದಿಲ್ಲ, ಉರುಳಿಯೂ ಬಂದಿಲ್ಲ. ಎಲ್ಲಿ ಹುಟ್ಟಿದವೋ ಅಲ್ಲೇ ಇವೆ.

ಅದು ಗ್ರಾನೈಟು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿಂದ ಉತ್ತರಕ್ಕೆ ನಮ್ಮ ಬಳ್ಳಾರಿ, ಕೊಪ್ಪಳದ ಸೀಮೆಯವರೆಗೆ ಉದ್ದಕ್ಕೂ ಹಬ್ಬಿರುವ ಈ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಹೆಸರು. ವಯಸ್ಸು ಸುಮಾರು 252 ಕೋಟಿ ವರ್ಷ. ಇದೂ ಕರಗಿದ ಕಲ್ಲೇ, ಆದರೆ ನೆಲದ ಮೇಲೆ ಬರಲಿಲ್ಲ. ಹಲವು ಕಿಲೋಮೀಟರ್ ಆಳದಲ್ಲಿ ಕಂಬಳಿ ಹೊದ್ದುಕೊಂಡ ಹಾಗೆ ಕೂತು ನಿಧಾನವಾಗಿ ಆರಿತು. ಸಾವಕಾಶವಾಗಿ ಆರಿದರೆ ಹರಳುಗಳಿಗೆ ಬೆಳೆಯಲು ಪುರುಸೊತ್ತು ಸಿಗುತ್ತದೆ. ಆನೆಗೊಂದಿಯ ಯಾವ ಬಂಡೆಯ ಹೊಸದಾಗಿ ಒಡೆದ ಮುಖ ನೋಡಿದರೂ ಗುಲಾಬಿ ಹರಳು, ಗಾಜಿನಂಥ ಹರಳು, ಕರಿ ಚುಕ್ಕಿ ಬೇರೆ ಬೇರೆಯಾಗಿ ಬರಿಗಣ್ಣಿಗೆ ಕಾಣುತ್ತವೆ. ಮೇಲಕ್ಕೆ ಉಕ್ಕಿ ಬೇಗ ಆರಿದ ಲಾವಾದಲ್ಲಿ ಹೀಗೆ ಕಾಣುವುದು ಕಷ್ಟ.

ಹಾಗಾದರೆ ಗುಂಡಗೆ ಯಾಕೆ? ಮೇಲಿನ ನೆಲ ಸವೆದು ಗ್ರಾನೈಟಿನ ಮೇಲಿನ ಭಾರ ಇಳಿಯುತ್ತಾ ಬಂದಾಗ ಅದು ಬಿರುಕು ಬಿಟ್ಟಿತು. ಅಡ್ಡ ಬಿರುಕು, ಉದ್ದ ಬಿರುಕು ಸೇರಿ ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿದ ಹಾಗಾಯಿತು. ಬಿರುಕಿನಲ್ಲಿ ನೀರು ಇಳಿಯಿತು. ನೀರು ತಾಗಿದ ಹರಳುಗಳಲ್ಲಿ ಕೆಲವು ಮೆಲ್ಲಗೆ ಜೇಡಿಯಾದವು. ಪೆಟ್ಟಿಗೆಯ ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಸವೆಯುತ್ತದೆ, ಅದೂ ನೆಲದ ಒಳಗೇ. ಉಳಿದದ್ದು ಗುಂಡು. ಸುತ್ತಲಿನ ಗರಸು ಮಳೆಗೆ ಕೊಚ್ಚಿಹೋದ ಮೇಲೆ ಗುಂಡಿನ ಮೇಲೆ ಗುಂಡು ಕೂತದ್ದು ನಮಗೆ ಕಂಡಿತು. ಸಾಬೂನನ್ನು ನೀರಿನಲ್ಲಿ ಮರೆತರೆ ಅದರ ಮೂಲೆಗಳು ಮೊದಲು ಹೋಗುತ್ತವಲ್ವಾ, ಹಾಗೆ.

ಇನ್ನೊಂದು ಕಡೆಯೂ ಹೀಗೇ ಮೋಸ ಹೋಗುತ್ತೇವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಹತ್ತಿರ ಒಂದು ಬೂದಿ ದಿಬ್ಬ ಇದೆ. ಬೂದಿ ಬಣ್ಣ, ಕೆಲವು ಕಡೆ ಕರಗಿ ಗಾಜಿನ ಹಾಗಾದ ಗಟ್ಟಿ. ರಾಕ್ಷಸರನ್ನು ಸುಟ್ಟ ಬೂದಿ ಅನ್ನುವುದು ಹಳಬರ ಕಥೆ. ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಬೂದಿ ಅಂದುಕೊಂಡವರೂ ಒಂದು ಕಾಲದಲ್ಲಿ ಇದ್ದರು. 19ನೇ ಶತಮಾನದಲ್ಲಿ ನಮ್ಮ ಸೀಮೆಯನ್ನೆಲ್ಲ ಸುತ್ತಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅದು ಸುಟ್ಟ ಸಗಣಿ ಎಂದರು. ಮುಂದೆ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಕೃಷ್ಣೆಯ ಆಚೆಯ ಉತ್ನೂರಿನಲ್ಲಿ ಇಂಥದೇ ದಿಬ್ಬ ಅಗೆದು ಆ ಮಾತನ್ನು ಗಟ್ಟಿ ಮಾಡಿದರು. ಸಾವಿರಾರು ವರ್ಷದ ಹಿಂದಿನ ದನಗಾಹಿಗಳ ದೊಡ್ಡಿ ಅದು. ಸಗಣಿ ಗುಡ್ಡೆ ಬಿದ್ದಂತೆ ಸುಡುತ್ತಿದ್ದರು, ಮತ್ತೆ ಗುಡ್ಡೆ, ಮತ್ತೆ ಬೆಂಕಿ. ಜ್ವಾಲಾಮುಖಿಗೂ ಅದಕ್ಕೂ ಸಂಬಂಧ ಇಲ್ಲ.

ಜ್ವಾಲಾಮುಖಿಯ ಹಾಗೆ ಕಾಣುವ ಎರಡೂ ಅದಲ್ಲ. ನಿಜವಾದದ್ದು ಯಾರೂ ತಿರುಗಿ ನೋಡದ ಕಡೆ ಬಿದ್ದಿದೆ. ಅದನ್ನು ಗುರುತಿಸಬೇಕಾದರೆ ಮೊದಲು ಲಾವಾ ಆರಿದಾಗ ಹೇಗಾಗುತ್ತದೆ ಅಂತ ಗೊತ್ತಿರಬೇಕು.

ಅದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ಜಾಗ ಇದೆ, ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪ. ನಮ್ಮ ಕಡೆಯಿಂದ ಧರ್ಮಸ್ಥಳ, ಉಡುಪಿ ಅಂತ ಹೋದವರು ಬಹಳ ಜನ ಅಲ್ಲಿಗೂ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಾರೆ. ಕಲ್ಲಿನ ಕಂಬಗಳನ್ನು ಕಟ್ಟಿಗೆಯ ಹೊರೆಯ ಹಾಗೆ ಒತ್ತಿ ನಿಲ್ಲಿಸಿದ ದ್ವೀಪ ಅದು. ಐದು ಮೂಲೆ, ಆರು ಮೂಲೆ, ಏಳು ಮೂಲೆಯ ಕಂಬಗಳು. ಯಾವ ಶಿಲ್ಪಿಯೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಡುವಣ ಕರಾವಳಿಗೆ ಅಂಟಿಕೊಂಡಿದ್ದದ್ದು ಹರಿದು ಬೇರೆಯಾಯಿತು. ನೆಲ ಹರಿದಾಗ ಒಳಗಿನ ಬೆಂಕಿ ಮೇಲೆ ಬಂತು. ಆಗ ಹರಿದು ಆರಿದ ಲಾವಾದ ತುಂಡುಗಳೇ ಈ ದ್ವೀಪಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ.

ಕಂಬ ಹೇಗಾಯಿತು ಅಂತ ಕೇಳಲು ರಾಯಚೂರಿನವರು ಅಷ್ಟು ದೂರ ಹೋಗಬೇಕಿಲ್ಲ. ಏಪ್ರಿಲ್ ತಿಂಗಳಲ್ಲಿ ಯಾವುದಾದರೂ ಎರಿ ಹೊಲಕ್ಕೆ ಹೋಗಿ ನಿಲ್ಲಿ. ಮಳೆಗಾಲದಲ್ಲಿ ಉಬ್ಬಿದ್ದ ಕರಿಮಣ್ಣು ಒಣಗಿ ಕುಗ್ಗಿರುತ್ತದೆ. ಕುಗ್ಗಿದ ಮಣ್ಣಿಗೆ ಇದ್ದಷ್ಟು ಜಾಗ ತುಂಬಲು ಆಗುವುದಿಲ್ಲ, ಹಾಗಾಗಿ ಬಿರಿಯುತ್ತದೆ. ಬಿರುಕುಗಳು ಒಂದಕ್ಕೊಂದು ಕೂಡಿ ನೆಲದ ತುಂಬ ಐದಾರು ಮೂಲೆಯ ಬಿಲ್ಲೆಗಳಾಗುತ್ತವೆ. ದೊಡ್ಡ ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈವರೆಗೂ ಹೋಗುತ್ತದೆ, ಬೆರಳ ತುದಿಗೆ ಆಳದ ತಂಪು ತಾಗುತ್ತದೆ. ಲಾವಾ ಆರುವಾಗಲೂ ಇದೇ ಆಗುವುದು. ಮಣ್ಣು ಒಣಗಿ ಕುಗ್ಗಿದರೆ, ಲಾವಾ ತಣ್ಣಗಾಗಿ ಕುಗ್ಗುತ್ತದೆ. ಮೇಲ್ಮೈಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಬಿರಿಯುತ್ತದೆ. ತಂಪು ಕೆಳಗಿಳಿದ ಹಾಗೆ ಬಿರುಕೂ ಕೆಳಗಿಳಿಯುತ್ತದೆ. ಬಿಲ್ಲೆ ಕಂಬವಾಗುತ್ತದೆ. ಇದೆಲ್ಲ ನೆಲದ ಮೇಲೆ ಹರಿದು, ದಪ್ಪಗೆ ನಿಂತು, ಸಾವಕಾಶವಾಗಿ ಆರಿದ ಲಾವಾದ ಕಥೆ.

ನೀರಿನೊಳಗೆ ಉಕ್ಕಿದ ಲಾವಾಕ್ಕೆ ಆ ಸಾವಕಾಶ ಇಲ್ಲ. ಸಮುದ್ರದ ತಳದ ಬಿರುಕಿನಿಂದ ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಕಲ್ಲು ಹೊರಗೆ ಇಣುಕುತ್ತದೆ. ತಣ್ಣೀರು ತಾಗಿದ ಕೂಡಲೇ ಹೊರಮೈ ಗಾಜಾಗಿ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ದ್ರವ. ಹಿಂದಿನಿಂದ ಒತ್ತಡ ಬರುತ್ತಲೇ ಇರುತ್ತದೆ. ಗಾಜಿನ ಸಿಪ್ಪೆ ಒಂದು ಕಡೆ ಒಡೆಯುತ್ತದೆ, ಅಲ್ಲಿಂದ ಇನ್ನೊಂದು ಗುಳ್ಳೆ ಹೊರಬರುತ್ತದೆ, ಅದಕ್ಕೂ ತಕ್ಷಣ ಸಿಪ್ಪೆ ಕಟ್ಟುತ್ತದೆ. ಹೀಗೆ ಒಂದರ ಮೇಲೊಂದು ರಾಶಿ ಬೀಳುತ್ತವೆ. ನೋಡಲು ದಿಂಬು ಪೇರಿಸಿಟ್ಟ ಹಾಗಿರುವುದರಿಂದ ಇದಕ್ಕೆ ದಿಂಬು ಲಾವಾ ಅನ್ನುತ್ತಾರೆ. ಅವ್ವನ ಬಟ್ಟಲಿನಲ್ಲಿ ಒರಗಿ ಕೂತ ಪಾಕದ ಹನಿಗಳನ್ನು ನೆನೆಸಿಕೊಳ್ಳಿ.

ಈ ದಿಂಬುಗಳಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಟ್ಟಿದೆ. ಮೆತ್ತಗಿನ ದಿಂಬು ಕೆಳಗಿನ ಎರಡು ದಿಂಬುಗಳ ಮೇಲೆ ಕೂತಾಗ ಅದರ ತಳ ಆ ಎರಡರ ನಡುವಿನ ಸಂದಿಗೆ ಇಳಿದು ಚೂಪಾಗುತ್ತದೆ. ಮೇಲಿನ ಭಾಗ ಮಾತ್ರ ಉಬ್ಬಿಕೊಂಡೇ ಇರುತ್ತದೆ. ಅಂದರೆ ಪ್ರತಿ ದಿಂಬಿಗೂ ಒಂದು ಬೆನ್ನು, ಒಂದು ಬಾಲ. ಆಮೇಲೆ ಆ ಕಲ್ಲನ್ನು ನೆಲ ಮಡಚಲಿ, ನೆಟ್ಟಗೆ ನಿಲ್ಲಿಸಲಿ, ತಲೆಕೆಳಗು ಮಾಡಲಿ, ಬಾಲ ಯಾವ ಕಡೆಗಿದೆಯೋ ಆ ಕಡೆಗೆ ಅವತ್ತು ಸಮುದ್ರದ ತಳ ಇತ್ತು ಅಂತ ಹೇಳಬಹುದು. ಕೋಟ್ಯಂತರ ವರ್ಷ ಆದಮೇಲೂ ಕಲ್ಲಿನಲ್ಲಿ ಮೇಲು ಯಾವುದು, ಕೆಳಗು ಯಾವುದು ಅನ್ನುವುದು ಬರೆದಿಟ್ಟ ಹಾಗಿದೆ.

ಹಟ್ಟಿಯಿಂದ ಮಸ್ಕಿಯವರೆಗೆ ಕೊಕ್ಕೆಯ ಆಕಾರದಲ್ಲಿ ಬಾಗಿದ ಒಂದು ಕರಿಕಲ್ಲಿನ ಪಟ್ಟಿ ಇದೆ. ಅದರಲ್ಲಿ ಜಾಸ್ತಿ ಇರುವುದು ಇಂಥ ಲಾವಾವೇ. ಅಲ್ಲಲ್ಲಿ ದಿಂಬುಗಳ ಗುರುತೂ ಉಳಿದಿದೆ. ಆದರೆ ಅವು ಮೊದಲಿನ ಹಾಗೆ ದುಂಡಗಿಲ್ಲ. ಪಕ್ಕದಿಂದ ನೆಲ ಒತ್ತಿದೆ, ಸುತ್ತ ಕರಗಿದ ಗ್ರಾನೈಟು ಏರಿ ಬಂದಿದೆ, ಆ ಬಿಸಿಗೆ ಕಲ್ಲಿನ ಹರಳುಗಳೇ ಬದಲಾಗಿವೆ. ಅಡ್ಡಡ್ಡ ಹರಡಿದ್ದ ಲಾವಾದ ಪದರುಗಳು ಈಗ ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ದಿಂಬುಗಳು ಚಪ್ಪಟೆಯಾಗಿ, ಉದ್ದಕ್ಕೆ ಎಳೆದ ಹಾಗಾಗಿವೆ. ದುಂಡಗೆ, ಚೆನ್ನಾಗಿ ಉಳಿದ ದಿಂಬುಗಳನ್ನು ನೋಡಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಒಮ್ಮೆ ಕಣ್ಣು ಪಳಗಿದರೆ ಹಟ್ಟಿಯ ಕಡೆ ನಜ್ಜುಗುಜ್ಜಾದವೂ ಕಾಣತೊಡಗುತ್ತವೆ.

ಬಯಲಿನಲ್ಲಿ ನಿಂತವರಿಗೆ ಇದು ಗೊತ್ತಾಗುವುದು ಹೇಗೆ? ಒಂದು ಸಣ್ಣ ತುಂಡು ಕೈಗೆ ತೆಗೆದುಕೊಳ್ಳಿ. ಅದೇ ಗಾತ್ರದ ಗ್ರಾನೈಟಿಗಿಂತ ಭಾರ ಅನ್ನಿಸುತ್ತದೆ, ಯಾಕೆಂದರೆ ಇದರಲ್ಲಿ ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ. ಒಡೆದ ಮುಖ ಕಪ್ಪು, ಬಿಸಿಲಿಗೆ ತಿರುಗಿಸಿದರೆ ಹಸಿರು ಛಾಯೆ. ಗುಲಾಬಿ ಹರಳು ಹುಡುಕಿದರೂ ಸಿಗುವುದಿಲ್ಲ. ಇಂಥ ಪಟ್ಟಿಗಳನ್ನು ಭೂವಿಜ್ಞಾನಿಗಳು ಹಸಿರುಕಲ್ಲಿನ ಪಟ್ಟಿ ಅಂತ ಕರೆಯುವುದು ಈ ಛಾಯೆಯಿಂದಲೇ. ಕುಷ್ಟಗಿ, ಹುನಗುಂದದ ಕಡೆ ಒಂದಿದೆ. ಸಂಡೂರಿನದು ಇನ್ನೊಂದು.

ಸಂಡೂರಿನ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು. ಅಲ್ಲಿ ಲಾವಾದ ಜೊತೆಗೆ ಆ ಸಮುದ್ರವೇ ಕಲ್ಲಾಗಿ ಉಳಿದಿದೆ. ಸಂಡೂರಿನ ಪಟ್ಟಿಯಲ್ಲಿ ಸ್ಟ್ರೊಮಟೊಲೈಟ್ ಅನ್ನುವ ಪದರುಪದರಾದ ಕಲ್ಲು ಸಿಕ್ಕಿದೆ. ಕೆರೆಯ ಅಂಚಿನಲ್ಲಿ ಪಾಚಿ ಚಾಪೆಯ ಹಾಗೆ ಕಟ್ಟುವುದನ್ನು ನೋಡಿದ್ದೀರಲ್ಲ, ಆ ಕಾಲದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಅಂಥ ಚಾಪೆ ಕಟ್ಟುತ್ತಿದ್ದವು. ಮೇಲೆ ತೆಳುವಾಗಿ ಕೆಸರು ಕೂರುತ್ತಿತ್ತು, ಅವು ಮತ್ತೆ ಅದರ ಮೇಲೆ ಬೆಳೆಯುತ್ತಿದ್ದವು. ಅವಕ್ಕೆ ಬಿಸಿಲು ಬೇಕು. ಬಿಸಿಲು ತಳಕ್ಕೆ ಮುಟ್ಟಬೇಕಾದರೆ ನೀರು ಆಳ ಇರಬಾರದು. ಅಂದರೆ ಈಗ ಅದಿರಿನ ಲಾರಿ ಓಡಾಡುವ ಸಂಡೂರಿನಲ್ಲಿ ಒಂದು ಕಾಲದಲ್ಲಿ ಬಿಸಿಲು ಬೀಳುವ ತೆಳುನೀರಿನ ಕಡಲ ತೀರ ಇತ್ತು. ಆ ಸಮುದ್ರದ ತಳದಲ್ಲೇ ಜ್ವಾಲಾಮುಖಿಯೂ ಉಕ್ಕುತ್ತಿತ್ತು.

ಕಬ್ಬಿಣದ ಅದಿರು ಬಂದದ್ದೂ ಈ ಬೆಂಕಿ, ನೀರು, ಜೀವ ಮೂರೂ ಸೇರಿ. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲ ಅನ್ನುವಷ್ಟು ಕಡಿಮೆ. ಸಮುದ್ರದ ತಳದ ಬಿಸಿ ಬುಗ್ಗೆಗಳು ಲಾವಾದಿಂದ ಕಬ್ಬಿಣವನ್ನು ಕರಗಿಸಿ ನೀರಿಗೆ ಬಿಡುತ್ತಿದ್ದವು. ಆಮ್ಲಜನಕ ಇಲ್ಲದ ನೀರಿನಲ್ಲಿ ಕಬ್ಬಿಣ ಕರಗಿಯೇ ಇರುತ್ತದೆ. ತೀರದ ಸೂಕ್ಷ್ಮಜೀವಿಗಳು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತಾ ಆಮ್ಲಜನಕ ಬಿಟ್ಟವು. ಅದು ತಾಗಿದ ಕಬ್ಬಿಣ ತುಕ್ಕಾಗಿ ತಳಕ್ಕೆ ಬಿತ್ತು. ಒಂದು ಪದರು ತುಕ್ಕು, ಒಂದು ಪದರು ಸಿಲಿಕಾ ಅಂದರೆ ಬೆಣಚುಕಲ್ಲಿನ ದ್ರವ್ಯ, ಮತ್ತೆ ತುಕ್ಕು. ದೋಣಿಮಲೈ, ಕುಮಾರಸ್ವಾಮಿ ಬೆಟ್ಟ, ರಾಮನದುರ್ಗದ ಕಡೆ ಈ ಪಟ್ಟೆಪಟ್ಟೆಯ ಕಲ್ಲು ಇಳಕಲ್ ಸೀರೆಯ ಅಂಚನ್ನು ನೆನಪಿಸುತ್ತದೆ, ಕೆಂಪು ಗೆರೆ, ಉಕ್ಕಿನ ಬಣ್ಣದ ಗೆರೆ. ಎಷ್ಟೋ ಕಾಲದ ಮಳೆಗೆ ಅದರೊಳಗಿನ ಸಿಲಿಕಾ ಕರಗಿಹೋದ ಕಡೆ ಕಬ್ಬಿಣ ದಟ್ಟವಾಗಿ ಉಳಿಯಿತು. ಅದೇ ಅದಿರು. ಸಂಡೂರಿನ ರಸ್ತೆ ಬದಿಯ ಗಿಡಗಳ ಎಲೆಯ ಮೇಲೆ ಕೂರುವ ಆ ಕೆಂಪು ಧೂಳು 270 ಕೋಟಿ ವರ್ಷದಷ್ಟು ಹಳೆಯ ಸಮುದ್ರದ ತುಕ್ಕು.

ಇಷ್ಟು ಕೋಟಿ ಅಂತ ಲೆಕ್ಕ ಹಾಕಿದ್ದು ಹೇಗೆ ಅಂತ ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಜಿರ್ಕಾನ್ ಅನ್ನುವ ಸಣ್ಣ ಹರಳೊಂದಿದೆ. ಅದು ಹುಟ್ಟುವಾಗ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ತಾನಾಗಿಯೇ ಒಂದೇ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ. ಅದರ ಮುಖ್ಯ ಬಗೆ ಅರ್ಧದಷ್ಟು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಹರಳಿನಲ್ಲಿ ಎಷ್ಟು ಸೀಸ ಇದೆ, ಎಷ್ಟು ಯುರೇನಿಯಂ ಉಳಿದಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಕರಿ ಲಾವಾದಲ್ಲಿ ಜಿರ್ಕಾನ್ ಅಪರೂಪ. ಅದರ ಜೊತೆಗಿರುವ ಬಿಳಿಚು ಲಾವಾದಲ್ಲಿ, ಅದನ್ನು ಸೀಳಿಕೊಂಡು ಬಂದ ಗ್ರಾನೈಟಿನಲ್ಲಿ ಹುಡುಕುತ್ತಾರೆ. ಗೋಡೆಯ ಬಿರುಕಿಗೆ ತುಂಬಿದ ಸಿಮೆಂಟು ಗೋಡೆಗಿಂತ ಹೊಸದೇ ಆಗಿರಬೇಕಲ್ವಾ? ಹಾಗೆ, ಲಾವಾ ಅದನ್ನು ಸೀಳಿದ ಗ್ರಾನೈಟಿಗಿಂತ ಹಳೆಯದು.

ಹಟ್ಟಿಯ ಲಾವಾವನ್ನು 90 ವರ್ಷದ ಅಜ್ಜಿ ಅಂದುಕೊಂಡರೆ, ಮಲ್ಪೆಯ ಕಂಬಗಳು ಅವಳ ತೊಡೆಯ ಮೇಲೆ ಕೂತ 3 ವರ್ಷದ ಮರಿಮಗು. ವಿಜಯಪುರ, ಕಲಬುರಗಿ, ಬೀದರ್ ಕಡೆ ಮೆಟ್ಟಿಲು ಮೆಟ್ಟಿಲಾಗಿ ಹಾಸಿರುವ ದಖ್ಖನ್ ಲಾವಾ ಇನ್ನೂ ಚಿಕ್ಕದು, ಸುಮಾರು 6.6 ಕೋಟಿ ವರ್ಷ. ಮೂರೂ ಲಾವಾವೇ, ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ.

ಹಾಗಾದರೆ ಹಟ್ಟಿಯ ಜ್ವಾಲಾಮುಖಿಯ ಬೆಟ್ಟ ಎಲ್ಲಿ? ಬಾಯಿ ತೆರೆದ ಬೆಟ್ಟ ಒಂದೂ ಇಲ್ಲ. ಸಮುದ್ರದ ತಳದಲ್ಲಿ ಹರಡಿದ ಲಾವಾ, ಆಮೇಲೆ ಮಡಚಿ ನೆಲದೊಳಗೆ ಹೂತುಹೋಗಿ, ಮೇಲಿದ್ದದ್ದೆಲ್ಲ ಸವೆದು, ಬುಡ ಮಾತ್ರ ಉಳಿದಿದೆ. ನಾವು ನಿಂತಿರುವುದು ಒಂದು ಕಾಲದಲ್ಲಿ ಆಳದಲ್ಲಿದ್ದ ಕಲ್ಲಿನ ಮೇಲೆ. ಮತ್ತೆ ಎಂದಾದರೂ ಸಿಡಿಯುತ್ತದಾ ಅನ್ನುವ ಭಯವೂ ಬೇಡ. ಅದಕ್ಕೆ ಬೆಂಕಿ ಒದಗಿಸುತ್ತಿದ್ದ ಮೂಲ ಯಾವತ್ತೋ ಆರಿದೆ. ನಮ್ಮ ಕೆಳಗಿನ ನೆಲ ಭೂಮಿಯ ಹಳೆಯ, ದಪ್ಪ, ಗಟ್ಟಿ ನೆಲಗಳಲ್ಲಿ ಒಂದು. ಭಾರತದಲ್ಲಿ ಈಗ ಬೆಂಕಿ ಉಗುಳುವ ಜ್ವಾಲಾಮುಖಿ ಅಂದರೆ ಅಂಡಮಾನಿನ ಬ್ಯಾರನ್ ದ್ವೀಪ ಒಂದೇ.

ಹಟ್ಟಿಯ ಗಣಿಯಲ್ಲಿ ತೆಗೆಯುವ ಚಿನ್ನ ಬಂದದ್ದು ಜ್ವಾಲಾಮುಖಿ ಆರಿದ ಮೇಲೆ. ನೆಲ ಒತ್ತಿ ಲಾವಾ ಸೀಳಿದಾಗ ಆಳದಿಂದ ಬಿಸಿನೀರು ಆ ಸೀಳುಗಳಲ್ಲಿ ಏರಿತು. ಅದರಲ್ಲಿ ಗಂಧಕ ಇತ್ತು, ಗಂಧಕದ ಕೈ ಹಿಡಿದು ಕರಗಿದ ಚಿನ್ನವೂ ಇತ್ತು. ಕರಿಲಾವಾದ ತುಂಬ ಕಬ್ಬಿಣ. ಗಂಧಕಕ್ಕೆ ಕಬ್ಬಿಣ ಕಂಡರೆ ಆಸೆ ಜಾಸ್ತಿ, ಚಿನ್ನದ ಕೈ ಬಿಟ್ಟು ಅದನ್ನು ಹಿಡಿಯಿತು. ಒಂಟಿಯಾದ ಚಿನ್ನ ನೀರಿನಲ್ಲಿ ನಿಲ್ಲಲಾರದೆ ಬೆಣಚುಕಲ್ಲಿನ ಎಳೆಗಳಲ್ಲಿ, ಅದರ ಪಕ್ಕದ ಕರಿಕಲ್ಲಿನಲ್ಲಿ ಕೂತಿತು. ಸುತ್ತಮುತ್ತ ಅಷ್ಟೊಂದು ಗ್ರಾನೈಟು ಇದ್ದರೂ ಗಣಿ ಕರಿಕಲ್ಲಿನಲ್ಲೇ ಇರುವುದಕ್ಕೆ ಇದು ದೊಡ್ಡ ಕಾರಣ. ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಅಷ್ಟಕ್ಕಾಗಿ ಇಂದು ಹಟ್ಟಿಯಲ್ಲಿ ಅರ್ಧ ಮೈಲಿಗೂ ಹೆಚ್ಚು ಆಳಕ್ಕೆ ಜನ ಇಳಿಯುತ್ತಾರೆ. ಸುಮಾರು 2,000 ವರ್ಷದ ಹಿಂದೆಯೇ ಇಲ್ಲಿ ನೂರಾರು ಅಡಿ ಅಗೆದಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಹೊಯ್ದು ಸೀಳುತ್ತಿದ್ದರು. ಬೆಂಕಿ ನೀರಿಗೆ ಸಿಕ್ಕಿ ಆದ ಕಲ್ಲನ್ನು ಮತ್ತೆ ಬೆಂಕಿ ನೀರಿನಿಂದಲೇ ಒಡೆದರು.

ಚಿನ್ನ ಹುಡುಕುತ್ತಾ ಇದೇ ಪಟ್ಟಿಯ ದಾರಿ ಹಿಡಿದು ಬಂದವರಲ್ಲಿ ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್ ಒಬ್ಬರು. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಅವರಿಗೆ ಅಶೋಕನ ಶಾಸನ ಕಂಡಿತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪಿಯ ಅಂತ ಬಿರುದಷ್ಟೇ ಇತ್ತು. ಮಸ್ಕಿಯಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ಸಮುದ್ರದ ತಳದ ಲಾವಾ ಕರಿಪಟ್ಟಿಯಾಗಿ ಉಳಿದು, ಅದಕ್ಕೆ ಚಿನ್ನ ಅಂಟಿಕೊಳ್ಳದಿದ್ದರೆ, ಆ ಎಂಜಿನಿಯರ್ ಮಸ್ಕಿಗೆ ಬರಲು ಕಾರಣವೇ ಇರುತ್ತಿರಲಿಲ್ಲ.

ಇನ್ನೊಂದು ಕರಿಕಲ್ಲು ಬಳ್ಳಾರಿ ಊರಿನ ಹತ್ತಿರವೇ ಇದೆ. ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳನ್ನು ದೂರದಿಂದ ನೋಡಿ. ತಿಳಿಬಣ್ಣದ ಗ್ರಾನೈಟಿನ ನಡುವೆ ಕರಿ ಗೆರೆ ಎಳೆದ ಹಾಗೆ ಕಾಣುತ್ತದೆ. ಗ್ರಾನೈಟು ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಅದು ಬಿರುಕು ಬಿಟ್ಟಾಗ ಆಳದಿಂದ ಕರಗಿದ ಕಲ್ಲು ಏರಿ, ಆ ಬಿರುಕಿನಲ್ಲೇ ಗಟ್ಟಿಯಾದದ್ದು ಅದು. ಹೆಸರು ಡಾಲರೈಟ್. ಲಾವಾ ಮೇಲೆ ಬರುವ ಕೊಳವೆಯೇ ಕಲ್ಲಾಗಿ ನಿಂತ ಹಾಗೆ. ಹರಳು ಸಣ್ಣ, ಮೈ ಒತ್ತಾಗಿ ಹೆಣೆದ ಹಾಗಿದೆ, ಹೊಡೆದರೆ ಸುಲಭಕ್ಕೆ ಪುಡಿಯಾಗುವುದಿಲ್ಲ. ಸುಮಾರು 4,000 ವರ್ಷದ ಹಿಂದೆ ಇಲ್ಲಿದ್ದ ಜನ ಅಷ್ಟೊಂದು ಗ್ರಾನೈಟು ಬಿಟ್ಟು ಈ ಕರಿಗೆರೆಯನ್ನೇ ಆರಿಸಿ ಕೊಡಲಿ ಮಾಡಿದರು. ಕೊಡಲಿ ಮಾಡುವಾಗ ಎದ್ದ ಚಕ್ಕೆಗಳು ಈಗಲೂ ಗುಡ್ಡದ ಮೇಲೆ ರಾಶಿ ಬಿದ್ದಿವೆ. ಇದೇ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನೂ ಕುಟ್ಟಿ ಬಿಡಿಸಿದರು.

ಕೆಲವು ಬಂಡೆಗಳ ಮೇಲೆ ಚಿತ್ರ ಇಲ್ಲ, ಬಟ್ಟಲಿನಂಥ ಸಣ್ಣ ಗುಳಿಗಳಿವೆ. ಅಲ್ಲಿ ಇನ್ನೊಂದು ಕಲ್ಲಿನಿಂದ ತಟ್ಟಿದರೆ ಗಂಟೆ ಬಾರಿಸಿದ ಹಾಗೆ ಟಣ್ ಅನ್ನುತ್ತದೆ. ತಟ್ಟಿ ತಟ್ಟಿಯೇ ಆದ ಗುಳಿ ಅದು. ನೋಡಲು ಹೋದವರು ಹೊಸದಾಗಿ ಹೊಡೆಯಬೇಡಿ, ಚಿತ್ರಗಳು ಹಾಳಾಗುತ್ತವೆ. ಗುಳಿಯಲ್ಲಿ ಬೆರಳಿಟ್ಟು ನೋಡಿ, ಸರಿಯಾಗಿ ಕೂರುತ್ತದೆ. ಒಳಗೆ ನುಣುಪು, ಸಂಜೆಯಾದರೂ ಬಿಸಿಲಿನ ಕಾವು ಇನ್ನೂ ಉಳಿದಿರುತ್ತದೆ.